ಕೋಣ ಹಿಡಿದ ಕಿನ್ನರಿ

ಕಂಬಂ
ಜೂನ್ 11, 2024

ಮುತ್ತುಸೆಲ್ವಿಗೆ,

ನಿನ್ನ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಕ್ಷೇಮವಾಗಿದ್ದೀಯೆಂದು ಮೊನ್ನೆ ಭಾನುವಾರ ಕಣ್ಣಾರೆ ಕಂಡೆ. ಎರಡು ಕುರ್ಚಿಯ ಜಾಗ ಹಿಡಿದು ಕೂತಿದ್ದೆ.

ಆರು ವರ್ಷ ನಿನ್ನ ಮುಖ ನೋಡದೆ ಸುಖವಾಗಿದ್ದೆ. ಯಾರ ಮನೆಯ ಮದುವೆಯಾದರೂ ನೀನು ಬರುತ್ತೀಯಾ ಎಂದು ಮೊದಲು ಕೇಳಿಕೊಂಡು, ಬರುವುದಾದರೆ ಉಡುಗೊರೆಯ ಮೊಯ್ ಹಣ ಕಳಿಸಿ ಮನೆಯಲ್ಲೇ ಉಳಿಯುತ್ತಿದ್ದೆ. ಯುಕುಲೆಲೆ ಕ್ಲಾಸಿಗೆ ಸೇರುವಾಗ ಮಾತ್ರ ಕೇಳಲಿಲ್ಲ. ಪೆರಿಯಕುಳಂನ ಗಣಿತದ ಟೀಚರು ರಿಟೈರ್ ಆದ ಮೇಲೆ ತೇನಿಗೆ ಬಂದು, ಟೈಲರ್ ಅಂಗಡಿಯ ಮಹಡಿಯಲ್ಲಿ, ಕಾಲೇಜು ಮಕ್ಕಳ ನಡುವೆ ನಾಲ್ಕು ತಂತಿಯ ಆಟಿಕೆ ಹಿಡಿದು ಕೂರುತ್ತಾಳೆಂದು ಯಾರು ಎಣಿಸಿದ್ದರು? ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೆ. ಕೋಣವೇ ಕಿನ್ನರಿ ಹಿಡಿದದ್ದನ್ನು ಮೊದಲ ಸಲ ನೋಡಿದೆ.

ನಾನು ಬಂದದ್ದಕ್ಕೆ ಕಾರಣವಿದೆ. ನನ್ನ ಮಗ ತಮಿಳ್‌ಸೆಲ್ವನ್ ತನ್ನ ಮಗಳಿಗೆಂದು ಆ ವಾದ್ಯ ತಂದ. ಮಗು ಎರಡು ದಿನ ಅದರಿಂದ ಬೆಕ್ಕಿಗೆ ಹೊಡೆದು ಮೂಲೆಗೆ ಎಸೆಯಿತು. ದ್ರಾಕ್ಷಿ ತೋಟವನ್ನು ಈಗ ಮಗನೇ ನೋಡಿಕೊಳ್ಳುತ್ತಾನೆ, ಅಡುಗೆಮನೆಯನ್ನು ಸೊಸೆ ಗೋಮತಿ. ನನಗೆ ಉಳಿದದ್ದು ಆ ಮೂಲೆಯ ವಾದ್ಯ. ನಿನಗೇನು ಬಂತು?

ಒಂದೇ ಕೇಳಿಕೆ. ಬೇರೆ ಕ್ಲಾಸು ನೋಡಿಕೋ. ಮುಹೂರ್ತದ ಹಿಂದಿನ ಸಂಜೆ ನಿನ್ನ ಮಗಳು ಎಳಿಲ್ ‘ಈ ಮದುವೆ ನನಗೆ ಬೇಡ’ ಎಂದು ನನ್ನ ಮಗನ ಮಾನ ಬೀದಿಗೆ ಹಾಕಿದಳು. ಅವಳ ತಾಯಿಯ ಪಕ್ಕ ಕೂತು ತಾಳ ಹಾಕುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಫೋನಿನಲ್ಲಿ ನಿನ್ನ ದನಿ ಕೇಳಬೇಕಾಗುತ್ತದೆ, ಅದಕ್ಕೇ ಕಾಗದ. ನಿನ್ನ ತಾತ ಕೊಳ್ಳೇಗಾಲದಿಂದ ಪುಸ್ತಕ ತಂದು ಮನೆಮುಂದಿನ ತಿಣ್ಣೆಯ ಮೇಲೆ ನಮ್ಮಿಬ್ಬರಿಗೂ ಕಲಿಸಿದ ಕನ್ನಡ ಅಕ್ಷರ ಇದು. ನಮ್ಮ ಎರಡು ಮನೆಗಳಲ್ಲಿ ಇದನ್ನು ಓದಬಲ್ಲವರು ನಾವಿಬ್ಬರೇ. ಬೈಗುಳ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಪಾಂಡೀಶ್ವರಿ


ಪೆರಿಯಕುಳಂ
ಜೂನ್ 19, 2024

ಪಾಂಡೀಶ್ವರಿಗೆ,

ಕಾಗದ ಮುಟ್ಟಿತು. ‘ಕ್ಷೇಮ’ ಎಂದು ಬರೆಯಲು ಹೋಗಿ ‘ಕ್ಷಾಮ’ ಎಂದು ಬರೆದು ಹೊಡೆದು ಹಾಕಿದ್ದೀಯೆ. ತಾತ ಇದ್ದಿದ್ದರೆ ತಿಣ್ಣೆಯಿಂದ ಇಳಿಸುತ್ತಿದ್ದರು.

ನಾನು ಕ್ಲಾಸು ಬಿಡುವುದಿಲ್ಲ. ನೀನು ಬರುವುದಕ್ಕೆ ಒಂದು ತಿಂಗಳ ಮುಂಚೆಯೇ ಸೇರಿದವಳು ನಾನು. ಕಿಟಕಿಯ ಪಕ್ಕದ ಕುರ್ಚಿಯೂ ನನ್ನದೇ, ನಿನ್ನ ಚೀಲವನ್ನು ಅಲ್ಲಿಂದ ತೆಗೆ. ನನಗೆ ಈ ವಾದ್ಯ ಕೊಡಿಸಿದವಳು ಎಳಿಲ್. ಬೋಡಿಮೆಟ್ಟಿನ ಏಲಕ್ಕಿ ಎಸ್ಟೇಟಿನ ಆಫೀಸಿನಲ್ಲಿ ದುಡಿದ ಮೊದಲ ಬೋನಸ್ಸಿನಲ್ಲಿ. ‘ಅವ್ವಾ, ರಿಟೈರ್ ಆದಮ್ಯಾಗೆ ನೀನು ಅಪ್ಪನ ಲೆಕ್ಕ ತಿದ್ದ್ಕಂಡು ಕೂತ್ರೆ ಅವ್ರು ಮನೆ ಬಿಟ್ಟು ಓಡೋಯ್ತಾರೆ’ ಅಂದಳು. ಅವಳು ಕೊಟ್ಟದ್ದನ್ನು ನೀನು ಮೂಗು ಮುರಿದೆ ಎಂದು ಕೆಳಗಿಡಲೇ?

ಮಾನ ಬೀದಿಗೆ ಬಿದ್ದ ಕಥೆ ಹೇಳುತ್ತೀಯಲ್ಲ, ಬೀದಿಯಲ್ಲ, ಮಂಟಪ. ಕಂಬಂನ ನಮ್ಮ ಜನಾಂಗದ ಮಂಟಪದಲ್ಲಿ, ನೆಂಟರೆಲ್ಲ ಕೂತಿದ್ದಾಗ, ನಾದಸ್ವರದವರ ಮೈಕ್ ಕಸಿದುಕೊಂಡು ಇಪ್ಪತ್ತನಾಲ್ಕು ವರ್ಷದ ಹುಡುಗಿಯನ್ನು ಬೈದವಳು ನೀನು. ಆವತ್ತು ನಿನಗೆ ಸಿಕ್ಕಷ್ಟು ಮೈಕು ಆ ನಾದಸ್ವರದವರಿಗೂ ಸಿಗಲಿಲ್ಲ.

ಇನ್ನು ವಾದ್ಯದ ಮಾತು. ಕಾರ್ಡ್ ಹಿಡಿಯಲು ತಂತಿ ಒತ್ತುವಾಗ ನಾಲಿಗೆ ಹೊರಗೆ ಚಾಚಬೇಡ. ಆ ಮಕ್ಕಳು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಾರೆ.

ಕಿಟಕಿ ಪಕ್ಕದ ಕುರ್ಚಿಯವಳು,
ಮುತ್ತುಸೆಲ್ವಿ


ಕಂಬಂ
ಜುಲೈ 23, 2024

ಮುತ್ತುಸೆಲ್ವಿ,

ಈ ತಿಂಗಳಿಡೀ ನಿನ್ನ ಬೆನ್ನು ನೋಡಿದ್ದೇನೆ. ಗಣಿತದ ಟೀಚರಿಗೆ ನಾಲ್ಕರವರೆಗೆ ಎಣಿಸಲು ಬರುವುದಿಲ್ಲ ಎಂಬುದು ಈ ವಯಸ್ಸಿನಲ್ಲಿ ನನಗೆ ದೊರೆತ ದೊಡ್ಡ ಜ್ಞಾನ. ಎಲ್ಲರ ಕೈ ಕೆಳಗೆ ಹೋದಾಗ ನಿನ್ನದು ಮೇಲೆ. ಎಲ್ಲರೂ ನಿಲ್ಲಿಸಿದ ಮೇಲೆ ನಿನ್ನದೊಂದು ‘ಟ್ರಿಂಗ್’. ಆಮೇಲೆ ತಂತಿ ಸಡಿಲ ಎಂದು ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಮ್ಮ ಮಾಸ್ಟರ್ ಮೋಹನ್‌ರಾಜ್‌ನ ಯೋಗ್ಯತೆಯೂ ಅಷ್ಟರಲ್ಲೇ ಇದೆ. ದಿಂಡಿಗಲ್‌ನಿಂದ ವಾರಕ್ಕೊಮ್ಮೆ ಕೂದಲು ಕಟ್ಟಿಕೊಂಡು ಬರುತ್ತಾನೆ. ಏನು ನುಡಿಸಿದರೂ ‘ಸೂಪರ್ ಮಾ’. ಅವತ್ತು ನಾನು ವಾದ್ಯದ ಮೇಲಿನ ಧೂಳು ಒರೆಸಿದೆ, ಅದಕ್ಕೂ ‘ಸೂಪರ್ ಮಾ’. ಇಂಥವನು ಮಾವಿನ ಮಂಡಿಯಲ್ಲಿ ಕೂತರೆ ಕೊಳೆತ ಹಣ್ಣೂ ಮಾರಾಟವಾಗುತ್ತದೆ.

ಈ ಭಾನುವಾರ ಅವನು ಮಾಡಿದ್ದನ್ನು ನೋಡಿದೆಯಲ್ಲ? ಆಗಸ್ಟಿನಲ್ಲಿ ದಿಂಡಿಗಲ್‌ನಲ್ಲಿ ಶಿಬಿರವಂತೆ, ಎಲ್ಲರೂ ಜೋಡಿಜೋಡಿಯಾಗಿ ನುಡಿಸಬೇಕಂತೆ. ವಯಸ್ಸು ನೋಡಿ ಜೋಡಿ ಮಾಡಿದ ಮೂರ್ಖ. ‘ನೀಂಗ ರೆಂಡು ಪೇರೂ ಕನ್ನಡಂ, ಕರೆಕ್ಟಾ ಸೆಟ್ ಆಗುಂ’ ಎಂದು ಹಲ್ಲು ಕಿರಿದ. ಇಬ್ಬರೂ ಕನ್ನಡದವರಾದ್ದರಿಂದ ಸರಿಯಾಗಿ ಹೊಂದುತ್ತೇವಂತೆ. ನಾನು ‘ಇವಳ ಜತೆ ಹುಣಸೇ ಮರ ಅಲ್ಲಾಡ್ಸಕ್ಕೂ ಬರಕಿಲ್ಲ’ ಅಂದೆ. ನೀನು ‘ಮರಕ್ಕೆ ಬುದ್ಧಿ ಇದ್ರೆ ನಿನ್ ಕಂಡ್ರೆ ತಾನೇ ಅಲ್ಲಾಡ್ತದೆ’ ಅಂದೆ. ಭಾಷೆ ತಿಳಿಯದ ಅವನು ಕೈ ತಟ್ಟಿ, ‘ಪಾತ್ತೀಂಗಳಾ, ಎವ್ವಳವು ಪಾಸಂ!’ ಅಂದ. ಪ್ರೀತಿಯಂತೆ! ಆರು ವರ್ಷದಲ್ಲಿ ನಾವು ಆಡಿದ ಮೊದಲ ಮಾತು ಅದು ಎಂದು ಆ ಹುಡುಗನಿಗೆ ಯಾರು ಹೇಳಬೇಕು.

ಹಾಡಿನ ಎರಡನೇ ಭಾಗಕ್ಕೆ ಕಾರ್ಡ್ ಬದಲಾಯಿಸುವುದು ನನಗೆ ಬಿಡು. ನೀನು ಬರೀ ಕೈ ಆಡಿಸು. ಆದಷ್ಟು ಮೆಲ್ಲಗೆ.

ಹಿಂದಿನ ಸಾಲಿನಿಂದ,
ಪಾಂಡೀಶ್ವರಿ


ಪೆರಿಯಕುಳಂ
ಆಗಸ್ಟ್ 21, 2024

ಪಾಂಡೀಶ್ವರಿ,

ದಿಂಡಿಗಲ್ ಶಿಬಿರದ ತಲೆನೋವು ಇನ್ನೂ ಇಳಿದಿಲ್ಲ. ಚೆನ್ನೈನಿಂದ ಬಂದಿದ್ದ ಆ ಗಡ್ಡದವನು ಯುಕುಲೆಲೆಯನ್ನು ಮುಟ್ಟುವುದಕ್ಕೆ ಮುಂಚೆ ಒಂದು ಗಂಟೆ ಅದನ್ನು ‘ಅನುಭವಿಸುವುದು’ ಹೇಗೆಂದು ಹೇಳಿದ. ಕಣ್ಣು ಮುಚ್ಚಿ, ಉಸಿರು ಬಿಡಿ, ಒಳಗಿನ ಮಗುವನ್ನು ಕರೆಯಿರಿ. ನಿನ್ನೊಳಗಿನ ಮಗು ಗೊರಕೆ ಹೊಡೆದದ್ದು ಇಡೀ ಹಾಲಿಗೆ ಕೇಳಿಸಿತು. ಬೀಗಕ್ಕೆ ಹೆಸರಾದ ಊರಿನಲ್ಲಿ ಆ ಮಹಾನುಭಾವನ ಬಾಯಿಗೊಂದು ಬೀಗ ಸಿಗಲಿಲ್ಲ.

ನಮ್ಮ ಜೋಡಿ ವಾದನ ಹೇಗಿತ್ತು ಎಂದು ನಾನು ಬರೆಯುವುದಿಲ್ಲ. ನೀನು ಓಡಿದೆ, ನಾನು ಅಟ್ಟಿಸಿಕೊಂಡು ಬಂದೆ. ಕೊನೆಯಲ್ಲಿ ಇಬ್ಬರೂ ಒಂದೇ ಸಲ ನಿಂತೆವು, ಅದೂ ಸುಸ್ತಾದ್ದರಿಂದ. ಆದರೂ ಮಧ್ಯದಲ್ಲಿ ಒಂದು ಸಾಲು ಸರಿಬಿತ್ತು. ನೀನು ನನ್ನ ಕಡೆ ನೋಡಿದೆ. ನಾನು ನೋಡಲಿಲ್ಲ ಎಂದುಕೊಂಡಿದ್ದೀಯೆ.

ಊಟದ ಹೊತ್ತಿನಲ್ಲಿ ನಿನ್ನ ಮಗ ನಿನ್ನನ್ನು ಕರೆದುಕೊಂಡು ಹೋಗಲು ಬಂದವನು ನನಗೆ ಟೀ ತಂದುಕೊಟ್ಟದ್ದಕ್ಕೆ, ಕಾಲು ಮುಟ್ಟಿದ್ದಕ್ಕೆ, ನೀನು ಎಲ್ಲರೆದುರು ಅವನ ಮೇಲೆ ರೇಗಿದೆ. ಮೂವತ್ತು ದಾಟಿದ ಗಂಡಸು, ಒಂದು ಮಗುವಿನ ತಂದೆ, ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ನಿನ್ನ ಒಂದು ನೋಟಕ್ಕೆ ಅವನ ನಾಲಿಗೆ ಒಣಗುತ್ತದೆ, ಈಗಲೂ. ಅದನ್ನು ನೀನು ಭಯಭಕ್ತಿ ಎಂದು ಕರೆಯುತ್ತೀಯೆ. ನಾನು ಮೂವತ್ತೈದು ವರ್ಷ ಮಕ್ಕಳ ನಡುವೆ ಇದ್ದವಳು. ಅದಕ್ಕೆ ಬೇರೆ ಹೆಸರಿದೆ.

ಮುತ್ತುಸೆಲ್ವಿ


ಕಂಬಂ
ಆಗಸ್ಟ್ 27, 2024

ಮುತ್ತುಸೆಲ್ವಿ,

ನನ್ನ ಮಗನನ್ನು ನಾನು ಹೇಗೆ ಬೆಳೆಸಬೇಕೆಂದು ನಿನ್ನಿಂದ ಪಾಠ ಬೇಡ. ಅವನು ನಿನ್ನ ಕಾಲು ಮುಟ್ಟಿದ್ದು ಅವನ ಒಳ್ಳೆಯತನ. ನೀನು ಕಾಲು ಹಿಂದಕ್ಕೆ ಎಳೆದುಕೊಳ್ಳದೆ ನೀಡಿದ್ದು ನಿನ್ನ ಲಜ್ಜೆಗೇಡಿತನ. ಅವನಿಗೆ ಯಾವ ಮಂಕುಬೂದಿ ಎರಚಿದ್ದೀಯೆ? ಮಾನ ಕಳೆದವಳ ತಾಯಿಗೆ ಯಾವ ಗಂಡಸು ಟೀ ತರುತ್ತಾನೆ?

ಎಳಿಲ್‌ಳ ಮಾತು ಆಡಬಾರದೆಂದಿದ್ದೆ, ಆಡುತ್ತೇನೆ. ನನ್ನ ಮಗ ಚಿನ್ನದಂಥ ಸೊಸೆ ತಂದ. ಜಾತಿ ಬೇರೆ ಎಂದು ಮೊದಲು ನಾನು ಕುದಿದೆ, ನಿಜ. ಆದರೆ ದಿಂಡಿಗಲ್‌ನ ಗೋಮತಿ ಇವತ್ತು ನಮ್ಮ ಮಾತು ಕಲಿತು ನನ್ನನ್ನೇ ತಿದ್ದುತ್ತಾಳೆ. ನಿನ್ನ ಮಗಳು? ಮಂಜಿನಲ್ಲಿ ಏಲಕ್ಕಿ ಮೂಟೆ ಎಣಿಸಿಕೊಂಡು ಒಂಟಿಯಾಗಿ ಕೂತಿದ್ದಾಳೆ. ಒಬ್ಬರೂ ಕೇಳಿಕೊಂಡು ಬರಲಿಲ್ಲ. ತುಂಬಿದ ಎಲೆಯನ್ನು ಒದ್ದವಳಿಗೆ ಎರಡನೇ ಎಲೆ ಯಾರೂ ಹಾಕುವುದಿಲ್ಲ. ನಾನು ಮಂಟಪದಲ್ಲಿ ಹೇಳಿದ್ದೂ ಅದನ್ನೇ. ಸುಳ್ಳಾಯಿತೇ?

ಪಾಂಡೀಶ್ವರಿ


ಪೆರಿಯಕುಳಂ
ಸೆಪ್ಟೆಂಬರ್ 2, 2024

ಎಳಿಲ್‌ಳ ಹೆಸರು ಇನ್ನು ನಿನ್ನ ಬಾಯಲ್ಲೂ ಬೇಡ, ನಿನ್ನ ಕಾಗದದಲ್ಲೂ ಬೇಡ. ಮೋಹನ್‌ರಾಜ್‌ಗೆ ಹೇಳಿ ಜೋಡಿ ಬದಲಾಯಿಸಿಕೊಂಡಿದ್ದೇನೆ. ಕಿಟಕಿಯ ಕುರ್ಚಿಯನ್ನು ನೀನೇ ಇಟ್ಟುಕೋ. ಇದಕ್ಕೆ ಉತ್ತರ ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಮು.


ಕಂಬಂ
ಅಕ್ಟೋಬರ್ 15, 2024

ಮುತ್ತುಸೆಲ್ವಿ,

ಒಲೆಗೆ ಹಾಕುವ ಮುಂಚೆ ಈ ಒಂದನ್ನು ಓದು.

ಆಯುಧಪೂಜೆಯ ದಿನ ತೋಟದ ಪಂಪು, ಮಗನ ಬೈಕು, ಮೊಮ್ಮಗಳ ಸ್ಲೇಟು ಎಲ್ಲಕ್ಕೂ ಕುಂಕುಮ ಇಟ್ಟೆವು. ಮೊಮ್ಮಗಳು ಯುಕುಲೆಲೆಯನ್ನೂ ತಂದಿಟ್ಟಳು. ನಾನು ಅದಕ್ಕೆ ಕುಂಕುಮ ಇಡುತ್ತಾ, ‘ನನ್ ಜೋಡಿಗಾತಿ ಮೊಕ ತಿರ್‌ಗಿಸ್ಕಂಡು ಹೋದ್ಲು. ಓಡೋಗದು ಆ ವಂಸಕ್ಕೇ ಬಂದಿರ ಗುಣ. ಮಗಳೂ ಹಂಗೇ ಮಂಡಪದಿಂದ ಓಡೋದ್ಲು’ ಅಂದೆ. ಎಂದಿನ ಮಾತೇ. ನಮ್ಮ ಮನೆಯಲ್ಲಿ ದಿನವೂ ಕೇಳಿಬರುವ ಮಾತು.

ಗೋಮತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಕೆಳಗಿಟ್ಟಳು.

‘ಅತ್ತೆ, ಇನ್ ಸಾಕು. ನನ್ ಕೈಲಿ ಕೇಳಕ್ಕಾಗಲ್ಲ. ಆ ಅಕ್ಕ ಓಡೋಗ್ಲಿಲ್ಲ. ನಿಮ್ ಮಗಂಗೆ ಆಗ್ಲೇ ನಾನು ಬೇಕಾಗಿದ್ದೆ. ನಿಮ್ಮತ್ರ ಹೇಳಕ್ಕೆ ಇವ್ರಿಗೆ ಧೈರ್ಯ ಇರ್ಲಿಲ್ಲ. ಆ ಅಕ್ಕನತ್ರ ಹೋಗಿ ಅತ್ರು. ಆ ಅಕ್ಕ ತಾನೇ ಬೇಡ ಅಂದಂಗೆ ಹೇಳ್ಬುಟ್ರು. ಅವ್ರು ಬೈಸ್ಕಂಡಿದ್ರಿಂದ ನಾನು ಈ ಮನೇಲಿ ಅನ್ನ ತಿಂತಾ ಇವ್ನಿ.’

ನಾನು ಮಗನ ಮುಖ ನೋಡಿದೆ. ಅವನು ಬೈಕಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣನ್ನು ನೋಡುತ್ತಿದ್ದ. ‘ಔದೇನೋ?’ ಅಂದೆ. ತಲೆಯಾಡಿಸಿದ.

ನಿನಗೆ ಗೊತ್ತಿತ್ತೇ? ಅಷ್ಟನ್ನು ಬರೆ. ಹೆಚ್ಚೇನೂ ಬೇಡ.

ಪಾಂಡೀಶ್ವರಿ


ಪೆರಿಯಕುಳಂ
ಅಕ್ಟೋಬರ್ 22, 2024

ಪಾಂಡೀಶ್ವರಿ,

ಗೊತ್ತಿತ್ತು. ಆವತ್ತು ಮಧ್ಯಾಹ್ನ ಅವನು ಬಂದು ನಮ್ಮ ಹಿತ್ತಲಿನ ಮಾವಿನ ಮರದ ಕೆಳಗೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಎಳಿಲ್ ಅವನಿಗೆ ನೀರು ಕೊಟ್ಟು ಒಳಗೆ ಬಂದು, ‘ಅವ್ವಾ, ಅವ್ನ ಕೈಲಿ ಆಗಲ್ಲ. ನಾನೇ ಹೇಳ್ತೀನಿ. ನೀನು ಯಾರ್‌ಗೂ ಬಾಯ್ ಬಿಡ್‌ಬಾರ್ದು’ ಅಂದಳು. ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಳು. ಊರವರು ಆಡಿಕೊಳ್ಳುವುದು ಒಂದೆರಡು ದಿನದ ಮಾತು ಎಂದು ಅವಳು ಅಂದುಕೊಂಡಿದ್ದಳು. ನೀನು ಮೈಕ್ ಹಿಡಿಯುತ್ತೀಯೆಂದು ಅವಳಿಗೇನು ಗೊತ್ತು?

ನೀನು ಮೈಕಿನಲ್ಲಿ ಕೂಗುತ್ತಿದ್ದಾಗ ನಾನು ಎರಡು ಸಲ ಎದ್ದೆ. ಎರಡು ಸಲವೂ ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ಬಂದ ನೆಂಟರಿಗೆಂದು ಮಾಡಿಸಿದ ಅಡುಗೆ ಒಲೆಯ ಮೇಲಿತ್ತು. ಅವಳು ಬರಿ ಹೊಟ್ಟೆಯಲ್ಲಿ ಮೆಟ್ಟಿಲಿಳಿದಳು.

ನಿನ್ನ ಮಗನ ಮೇಲೆ ನನಗೆ ಸಿಟ್ಟಿಲ್ಲ, ಕನಿಕರ. ನಿನ್ನ ಮೇಲೆ ಕನಿಕರವೂ ಇಲ್ಲ. ಹೆತ್ತ ಮಗ ಒಂದು ನಿಜ ಹೇಳಲು ಬೇರೆ ಮನೆಯ ಹುಡುಗಿಯ ನಾಲಿಗೆಯನ್ನು ಎರವಲು ಪಡೆಯಬೇಕಾಯಿತು ಎಂದರೆ ಎಂಥ ತಾಯಿ ನೀನು!

ಕ್ಷಮೆ ಗಿಮೆ ಎಂದು ನನಗೆ ಬರೆಯಬೇಡ. ನೀನು ಬೈದದ್ದು ನನ್ನನ್ನಲ್ಲ.

ಮುತ್ತುಸೆಲ್ವಿ


ಕಂಬಂ
ನವೆಂಬರ್ 18, 2024

ಮುತ್ತುಸೆಲ್ವಿ,

ಬೋಡಿಮೆಟ್ಟಿಗೆ ಹೋಗಿದ್ದೆ. ಯಾರಿಗೂ ಹೇಳದೆ, ಬೋಡಿಯಿಂದ ಬಸ್ಸಿನಲ್ಲಿ. ಮೇಲೆ ಮುಟ್ಟುವವರೆಗೆ ತಿರುವು ತಿರುವಿಗೂ ನಿನ್ನ ವಂಶವನ್ನೆಲ್ಲ ಶಪಿಸಿಕೊಂಡೆ. ಮಂಜು ಎಷ್ಟಿತ್ತೆಂದರೆ ಎಸ್ಟೇಟಿನ ಗೇಟು ಕೈಗೆ ಸಿಕ್ಕಿದ ಮೇಲೆ ಕಣ್ಣಿಗೆ ಕಂಡಿತು.

ಎಳಿಲ್ ಏಲಕ್ಕಿ ಒಣಗಿಸುವ ಮನೆಯ ಬಾಗಿಲಲ್ಲಿ ನಿಂತು ನಾಲ್ಕು ಗಂಡಸರನ್ನು ಬೈಯುತ್ತಿದ್ದಳು. ಮೂಟೆ ಎಣಿಸುವವಳು ಎಂದು ಬರೆದಿದ್ದೆನಲ್ಲ, ಅಲ್ಲಿ ಎಲ್ಲರೂ ಅವಳ ಮುಖ ನೋಡಿ ಕೆಲಸ ಮಾಡುತ್ತಾರೆ. ನನ್ನನ್ನು ಕಂಡು ಬೆಚ್ಚಲಿಲ್ಲ. ‘ವಾಂಗ ಅತ್ತೆ’ ಎಂದು ಬರಮಾಡಿಕೊಂಡು ಆಫೀಸಿಗೆ ಕರೆದೊಯ್ದು ಕುರ್ಚಿ ಕೊಟ್ಟಳು, ಟೀ ತರಿಸಿದಳು. ಬಾಗಿಲು ಹಾಕು ಎಂದೆ, ಹಾಕಿದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಕಣ್ಣೀರು ಹಾಕಿದೆ ಎಂದು ನಿನಗೆ ಬರೆಯುವುದಿಲ್ಲ.

ಅವಳು ಪೂರ್ತಿ ಕೇಳಿದಳು. ಆಮೇಲೆ ನಮ್ಮ ಮಾತಿನಲ್ಲೇ, ಆರಿಸಿ ಆರಿಸಿ ಹೇಳಿದಳು:

‘ಅತ್ತೆ, ಬೈವಾಗ ಮೈಕ್ ಇಡ್ದು ಎಲ್ಲಾರ್ ಮುಂದೆ ಬೈದ್ರಿ. ಈಗ ಕತವು ಹಾಕ್ಸಿ ನನ್ ಕಿವೀಲಿ ಹೇಳ್ತಾ ಇದೀರಿ. ನನ್ ಕಿವಿಗೆ ಮುಂಚೇನೇ ಗೊತ್ತಲ್ಲ, ನಾನ್ ತಪ್ಪು ಮಾಡಿಲ್ಲಾಂತ. ಗೊತ್ತಿಲ್ದೆ ಇರೋರ್‌ಗೆ ಹೇಳಿ.’

ನಾನು ಬಾಯಿ ತೆರೆದೆ. ಅವಳು ಕೈಯೆತ್ತಿ, ‘ಟೀ ಆರೋಯ್ತದೆ, ಕುಡೀರಿ. ಮೂರು ಗಂಟೆಗೆ ಬಸ್ಸದೆ’ ಅಂದಳು.

ಬಸ್ ಸ್ಟಾಪಿನವರೆಗೆ ಛತ್ರಿ ಹಿಡಿದು ಬಂದಳು. ನನ್ನನ್ನು ಇಷ್ಟು ಮರ್ಯಾದೆಯಿಂದ ಯಾರೂ ಇಷ್ಟು ಕೀಳಾಗಿ ಕಂಡದ್ದಿಲ್ಲ. ಬೈಗುಳದಲ್ಲಿ ನೀನು ನನ್ನ ಸರಿಸಮ. ನಿನ್ನ ಮಗಳು ನಮ್ಮಿಬ್ಬರಿಗೂ ಮೇಲೆ.

ಜನವರಿಯಲ್ಲಿ ಕ್ಲಾಸಿನ ಕಾರ್ಯಕ್ರಮವಿದೆಯಲ್ಲ, ತೇನಿಯಲ್ಲಿ ಬೇಡ, ಕಂಬಂನ ನಮ್ಮ ಮಂಟಪದಲ್ಲಿ ಇಡು ಎಂದು ಮೋಹನ್‌ರಾಜ್‌ಗೆ ಹೇಳಿದ್ದೇನೆ. ‘ಸೂಪರ್ ಮಾ’ ಅಂದ. ಊಟ ನನ್ನದು. ನೆಂಟರನ್ನೆಲ್ಲ ಮನೆಮನೆಗೆ ಹೋಗಿ ಕರೆಯುತ್ತೇನೆ. ಆವತ್ತು ಇದ್ದವರು ಒಬ್ಬರೂ ತಪ್ಪಬಾರದು. ನೀನು ನನ್ನ ಪಕ್ಕ ಕೂರಬೇಕು. ನಿನ್ನ ಹೊಸ ಜೋಡಿಯಾದ ಆ ಹುಡುಗಿ ನಿನ್ನ ತಾಳಕ್ಕೆ ಹೆದರಿ ಕ್ಲಾಸು ಬಿಡುವ ಮುಂಚೆ.

ಎಳಿಲ್‌ಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಪಾಂಡೀಶ್ವರಿ


ಪೆರಿಯಕುಳಂ
ಜನವರಿ 21, 2025

ಪಾಂಡೀಶ್ವರಿ,

ಭಾನುವಾರದ ನಿನ್ನ ವಾದನವನ್ನು ಕುರಿತು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾನು ಇಷ್ಟು ಕಾಲ ಅಯೋಗ್ಯರನ್ನು ಬಹಳ ಕಂಡಿದ್ದೇನೆ. ಒಂದೇ ಕಾರ್ಡ್ ಹಿಡಿದು ಇಡೀ ಹಾಡು ಮುಗಿಸಿದವರನ್ನು ಕಂಡಿರಲಿಲ್ಲ. ಬದಲಾಯಿಸುವುದು ನನಗೆ ಬಿಡು ಎಂದು ಬರೆದವಳು ನೀನಲ್ಲವೇ? ಬೆರಳು ತಂತಿಗೆ ಅಂಟಿಕೊಂಡಿತ್ತೇ? ಕಡೆಗೆ ನಾನು ನನಗೆ ತಿಳಿದಂತೆ ಬಡಿದೆ. ಮಕ್ಕಳು ಅದು ಹೊಸ ಬಗೆಯ ಸಂಗೀತ ಎಂದುಕೊಂಡು ಚಪ್ಪಾಳೆ ಹೊಡೆದರು.

ಅದಕ್ಕೆ ಮುಂಚಿನದನ್ನೂ ಬರೆಯಬೇಕು. ಬರೆದಿಟ್ಟರೆ ನಾಳೆ ನೀನು ಇಲ್ಲವೆನ್ನುವುದಿಲ್ಲ. ಮೋಹನ್‌ರಾಜ್ ‘ಒನ್, ಟೂ’ ಎನ್ನುತ್ತಿದ್ದಾಗ ನೀನು ಎದ್ದು ಅವನ ಕೈಯಿಂದ ಮೈಕ್ ತೆಗೆದುಕೊಂಡೆ. ಅವನು ತನಗೆ ವಂದನೆ ಹೇಳುತ್ತೀಯೆಂದು ಕೈ ಮುಗಿದು ನಿಂತ. ನೀನು ನಮ್ಮ ಮಾತಿನಲ್ಲಿ ಹೇಳಿದೆ:

‘ಎಲ್ಲಾರೂ ಕೇಳ್ರಿ. ಆರು ವರ್ಸದ ಮುಂಚೆ ಇದೇ ಮಂಡಪದಾಗೆ ನಾನು ಎಳಿಲನ್ನ ಬಾಯಿಗ್ ಬಂದಂಗೆ ಬೈದೆ. ನೀವೆಲ್ಲಾ ಕೇಳುದ್ರಿ, ತಲೆ ಆಡುಸುದ್ರಿ. ಕಲ್ಯಾಣ ನಿಲ್ಸಿದ್ದು ಅವಳಲ್ಲ, ನನ್ ಮಗ. ನನ್‌ಗೆ ಎದ್ರಿ ಅವ್ನು ಅವಳ ಕೈಲಿ ಹೇಳುಸ್ದ. ತಪ್ಪು ನಮ್ ಮನೇದು. ಇನ್‌ಮ್ಯಾಗೆ ಆ ಪಿಳ್ಳೇನ ಯಾರಾದ್ರೂ ಒಂದ್ ಮಾತು ಅಂದ್ರೆ ನನ್ನತ್ರ ಬನ್ನಿ.’

ನಿನ್ನ ಅಣ್ಣ ಗೋವಿಂದನ್ ಟವೆಲ್ ಕೊಡವಿಕೊಂಡು ಎದ್ದು ಹೊರಗೆ ಹೋದರು. ನಿನ್ನ ಮಗ ತಲೆ ತಗ್ಗಿಸಿದ. ಗೋಮತಿ ತಗ್ಗಿಸಲಿಲ್ಲ, ಅವನ ಬೆನ್ನಿಗೊಂದು ಗುದ್ದಿದಳು. ಅವನು ಎದ್ದು ನಿಂತು, ಮೈಕಿಲ್ಲದೆ, ‘ಅವ್ವ ಹೇಳಿದ್ದು ನಿಜ’ ಅಂದ. ಅಷ್ಟೇ ಅಂದ. ಅವನ ಮಟ್ಟಿಗೆ ಅದು ಭಾಷಣ.

ಎಳಿಲ್ ಬಂದಿದ್ದಳು. ಬಾ ಎಂದು ನಾನು ಕರೆದಿರಲಿಲ್ಲ, ವಿಷಯ ಹೇಳಿದ್ದೆ. ಚಪ್ಪಲಿ ಬಿಡುವ ಜಾಗದಲ್ಲಿ ಕಂಬಕ್ಕೆ ಒರಗಿ ನಿಂತಿದ್ದವಳನ್ನು ನೀನು ನೋಡಿರಲಿಲ್ಲ. ನಿನ್ನ ಮಾತಿಗೆ ಅವಳ ಮುಖ ಏನೂ ಬದಲಾಗಲಿಲ್ಲ. ನಮ್ಮ ವಾದನಕ್ಕೆ ಮಾತ್ರ ಬಾಯಿಗೆ ದುಪಟ್ಟ ಅಡ್ಡ ಹಿಡಿದು ನಕ್ಕಳು, ಭುಜ ಕುಣಿಯುವಷ್ಟು. ಆ ಊರಿನಲ್ಲಿ ಅವಳು ನಕ್ಕು ಎಷ್ಟೋ ಕಾಲವಾಗಿತ್ತು.

ಊಟಕ್ಕೆ ಕೂರುತ್ತಾಳೆಂದು ನಾನೂ ಎಣಿಸಿರಲಿಲ್ಲ. ಕೂತಳು. ಪಂಕ್ತಿಯ ನಡುವೆ, ನಿನ್ನ ಅತ್ತಿಗೆಯ ಪಕ್ಕದಲ್ಲೇ. ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡಳು. ನೀನು ಸಾಂಬಾರಿನ ಬಕೆಟ್ ಹಿಡಿದು ಆ ಸಾಲಿಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದೆ. ಊರನ್ನೇ ಗದರಿಸುವವಳು! ನನಗೆ ಆ ಕ್ಷಣ ನಿನ್ನನ್ನು ಕಂಡು ಪೂರ್ತಿ ತಿರಸ್ಕಾರ ಹುಟ್ಟಲಿಲ್ಲ ಎಂದು ಮಾತ್ರ ಬರೆಯುತ್ತೇನೆ.

ಆಗ ಅವಳು ತಲೆಯೆತ್ತಿ ನಿನ್ನ ಕಡೆಗೆ ಕೂಗಿದಳು. ‘ಅತ್ತೆ, ಈ ಸಾಲ್‌ಗೆ ಉಪ್ಪು ಬಂದಿಲ್ಲ.’

ಬಕೆಟ್ಟನ್ನು ಅಲ್ಲೇ ಬಿಟ್ಟು, ಆ ನೋಯುವ ಮೊಣಕಾಲು ಇಟ್ಟುಕೊಂಡು, ನೀನು ಓಡಿದ ಓಟ ಇದೆಯಲ್ಲ! ಬಂದು ಅವಳ ಎಲೆಗೆ ಹಿಡಿ ತುಂಬ ಉಪ್ಪು ಸುರಿದೆ, ಒಂದು ಕುಟುಂಬಕ್ಕೆ ವಾರವಿಡೀ ಆಗುವಷ್ಟು. ಅವಳು ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬೆರಳಿನಿಂದ ಎಲೆಯ ಅಂಚಿಗೆ ಸರಿಸಿ, ಅನ್ನ ಕಲಸಿದಳು.

ಮುತ್ತುಸೆಲ್ವಿ